ಬಾಣಂತಿ ಮೇಷ್ಟ್ರು

"ಬಾಣಂತಿ ಮೇಷ್ಟ್ರು ಹೋಗ್ಬಿಟ್ರಂತೆ ಕಣ್ರೀ" ಎಂದು ಮೊನ್ನೆ ಫೋನಿನಲ್ಲಿ ಹೇಳಿದವರು, ಪೀಣ್ಯದ ಶಾಲೆಯಲ್ಲಿ ನನ್ನ ಜೊತೆಗಿದ್ದ ಡ್ರಿಲ್ ಟೀಚರ್. ಹೇಳಿದ್ದು ಸಾವಿನ ಸುದ್ದಿ. ಆದರೂ ಎಷ್ಟೋ ವರ್ಷದ ಮೇಲೆ ಆ ಹೆಸರು ಕಿವಿಗೆ ಬಿದ್ದಾಗ ನನಗೆ ಮೊದಲು ಬಂದದ್ದು ನಗು. ಆ ಕಡೆಯಿಂದ ಅವರೂ ನಕ್ಕರು. ಇಬ್ಬರು ರಿಟೈರಾದ ಹೆಂಗಸರು ಸತ್ತವರ ಹೆಸರು ಹಿಡಿದುಕೊಂಡು ಸ್ವಲ್ಪ ಹೊತ್ತು ನಕ್ಕು, ಆಮೇಲೆ ಫೋನ್ ಇಟ್ಟೆವು.

ಗಂಡಸಿಗೆ ಇಂಥ ಹೆಸರು ಹೇಗೆ ಬಂತು ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಪೀಣ್ಯದಲ್ಲಿ ರಾಗಿ ಹೊಲಗಳ ನಡುವೆ ಒಂದೊಂದೇ ಶೆಡ್ಡು ಏಳುತ್ತಿದ್ದ ಕಾಲ. ಶೆಡ್ಡುಗಳಲ್ಲಿ ಲೇತು, ಪವರ್ ಪ್ರೆಸ್ಸು. ಅವುಗಳ ಮುಂದೆ ನಿಲ್ಲಲು ಎಲ್ಲೆಲ್ಲಿಂದಲೋ ಬಂದ ಜನ. ಆ ಜನರ ಮಕ್ಕಳಿಗಾಗಿ ಒಂದು ಟ್ರಸ್ಟಿನವರು ಕನ್ನಡ ಪ್ರೈಮರಿ ಶಾಲೆ ತೆರೆದು, ಸರ್ಕಾರದ ಅನುದಾನವನ್ನೂ ತಂದಿದ್ದರು. ಅಲ್ಲಿದ್ದ ನಾವು ಟೀಚರುಗಳೆಲ್ಲ ಹೆಂಗಸರೇ. ಹೆಚ್ಚುಕಡಿಮೆ ಒಂದೇ ವಯಸ್ಸಿನವರು, ಹೊಸದಾಗಿ ಮದುವೆಯಾದವರು. ಹೀಗಾಗಿ ಪ್ರತಿ ವರ್ಷ ನಮ್ಮಲ್ಲಿ ಒಬ್ಬರೋ ಇಬ್ಬರೋ ಹೆರಿಗೆ ರಜೆಗೆ ಹೋಗುವುದು ಗೌರಿಹಬ್ಬ ಬಂದಷ್ಟೇ ಖಂಡಿತವಾಗಿತ್ತು. ಆ ಮೂರು ತಿಂಗಳಿಗೆ ಬದಲಿಯಾಗಿ ಬರುತ್ತಿದ್ದವರು ಈ ಮೇಷ್ಟ್ರು. ಆ ಕೆಲಸಕ್ಕೆ ಕಚೇರಿಯ ಭಾಷೆಯಲ್ಲಿ ಲೀವ್ ವೇಕೆನ್ಸಿ ಎಂದು ಹೆಸರು. ನಮ್ಮ ಆಯಾ ಮಾತ್ರ ಒಂದು ದಿನ ಗೇಟಿನ ಹತ್ತಿರ ಅವರ ಸೈಕಲ್ ಕಂಡು, "ಬಾಣಂತಿ ಮೇಷ್ಟ್ರು ಬಂದ್ರು" ಎಂದು ಒಳಗೆ ಕೂಗಿ ಹೇಳಿದಳು. ಹೆಸರು ಅಲ್ಲಿಗೆ ಅಂಟಿತು. ಅವರ ಕಿವಿಗೂ ಬಿತ್ತು. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ, ಬಾಣಂತಿಗಾದರೂ ಕೊಬ್ಬರಿ ಬೆಲ್ಲ ಸಿಗುತ್ತೆ, ನನಗೆ ಅದೂ ಇಲ್ಲ ಎಂದರು.

ಅವರು ಆನೇಕಲ್ ಕಡೆಯ ಒಂದು ಹಳ್ಳಿಯವರು. ಬೇಸಾಯದ ಮನೆ. ಎತ್ತರದ ಆಳು, ಆದರೆ ಮಕ್ಕಳ ಜೊತೆ ನೆಲದ ಮೇಲೆ ಕೂತೂ ಕೂತೂ ಬೆನ್ನು ಸ್ವಲ್ಪ ಬಾಗಿತ್ತು. ಮನೆತನದಲ್ಲಿ ಎಸ್ಸೆಸ್ಸೆಲ್ಸಿ ದಾಟಿದವರಲ್ಲಿ ಅವರೇ ಮೊದಲು. ಆಗಿನ ಕಾಲಕ್ಕೆ ಎಸ್ಸೆಸ್ಸೆಲ್ಸಿ ಆದವರು ನೇರವಾಗಿ ಟಿ.ಸಿ.ಎಚ್. ಟ್ರೈನಿಂಗಿಗೆ ಸೇರಿ ಪ್ರೈಮರಿ ಶಾಲೆಗೆ ಮೇಷ್ಟರಾಗಬಹುದಿತ್ತು. ಇವರ ಆಸೆಯೂ ಅದೇ. ಒಂದನೇ ಕ್ಲಾಸಿಗೆ ಪಾಠ ಹೇಳಬೇಕು, ಬೇರೆ ಏನೂ ಬೇಡ. ಹಳ್ಳಿಯ ಹೆಡ್ ಮೇಷ್ಟರೂ ಟಿ.ಸಿ.ಎಚ್.ಗೇ ಹೋಗು ಎಂದಿದ್ದರಂತೆ. ಆದರೆ ಇವರ ಅಪ್ಪನಿಗೆ ಅದು ಸರಿಬರಲಿಲ್ಲ. ಫಸ್ಟ್ ಕ್ಲಾಸಿನಲ್ಲಿ ಪಾಸಾದ ಮಗನನ್ನು ಚಿಕ್ಕ ಓದಿಗೆ ಯಾಕೆ ಹಾಕಬೇಕು? ಡಿಗ್ರಿ ಮಾಡಲಿ, ಅದರ ಮೇಲೆ ಬಿ.ಎಡ್. ಮಾಡಲಿ. ಆಮೇಲೆ ಒಂದನೇ ಕ್ಲಾಸಿಗಾದರೂ ಹೇಳಲಿ, ಹತ್ತನೇ ಕ್ಲಾಸಿಗಾದರೂ ಹೇಳಲಿ. "ಸೇರು ಮಡಗಿರೋನ್ಗೆ ಪಾವು ಅಳೆಯಾಕೆ ಬರಾಕಿಲ್ವೇನ್ಲಾ?" ಎಂದು ಅಪ್ಪ ಕೇಳಿದ್ದರಂತೆ. ಇಡೀ ಹಳ್ಳಿ ಅದಕ್ಕೆ ತಲೆಯಾಡಿಸಿತು. ಇವರೂ ತಲೆಯಾಡಿಸಿದರು. ಕಾಳು ಅಳೆದೇ ಬದುಕಿದವರಿಗೆ ಆ ಮಾತಿನಲ್ಲಿ ತಪ್ಪು ಕಾಣುವುದಾದರೂ ಹೇಗೆ?

ಬೆಂಗಳೂರಿಗೆ ಬಸ್ಸಿನಲ್ಲಿ ಓಡಾಡಿಕೊಂಡು ಬಿ.ಎ. ಮುಗಿಸಿದರು. ಬಿ.ಎಡ್. ಮುಗಿಸಿದರು. ಪ್ರೈಮರಿ ಮೇಷ್ಟರ ಆಯ್ಕೆಗೆ ಕರೆದಾಗ ಎರಡೂ ಸರ್ಟಿಫಿಕೇಟು ಹಿಡಿದುಕೊಂಡು ಕಚೇರಿಗೆ ಹೋದರು. ಗುಮಾಸ್ತ ಅವುಗಳನ್ನು ತಿರುವಿ ಹಾಕಿ ಟಿ.ಸಿ.ಎಚ್. ಎಲ್ಲಿ ಎಂದು ಕೇಳಿದ. ಇದು ಅದಕ್ಕಿಂತ ದೊಡ್ಡದಲ್ವಾ ಸಾರ್ ಎಂದರು ಇವರು. ದೊಡ್ಡದಾದರೆ ದೊಡ್ಡ ಸ್ಕೂಲಿಗೆ ಹೋಗಿ ಎಂದು ಆತ ಹಿಂದಕ್ಕೆ ಕೊಟ್ಟ. ಈ ಪ್ರಸಂಗವನ್ನು ಮೇಷ್ಟ್ರು ನಮಗೆ ಗುಮಾಸ್ತನ ಧಾಟಿಯಲ್ಲೇ ಹೇಳಿ ನಗಿಸುತ್ತಿದ್ದರು. ಕೊನೆಯಲ್ಲಿ ಮಾತ್ರ, "ಅಪ್ಪ ಯೋಳಿದ್ದು ರಾಗಿ ಲೆಕ್ಕ ಟೀಚರ್. ಸರ್ಕಾರದ ಲೆಕ್ಕದಲ್ಲಿ ಸೇರೇ ಬೇರೆ, ಪಾವೇ ಬೇರೆ" ಎನ್ನುತ್ತಿದ್ದರು.

ಹೋಗಲಿ, ಟಿ.ಸಿ.ಎಚ್. ಮಾಡಿಬಿಡಬಹುದಿತ್ತಲ್ಲ ಎಂದು ನಾನೂ ಕೇಳಿದ್ದೆ. ಎಲ್ಲರೂ ಕೇಳುತ್ತಿದ್ದರು. ಅದಕ್ಕೂ ಹೋಗಿ ಬಂದಿದ್ದರು. ಬಿ.ಎ., ಬಿ.ಎಡ್. ಎಂದು ಅಲೆದಾಡುವಷ್ಟರಲ್ಲಿ ಟ್ರೈನಿಂಗಿಗೆ ಸೇರುವ ವಯಸ್ಸು ಮೀರಿಹೋಗಿತ್ತು. ಹಾಗಾದರೆ ದೊಡ್ಡ ಸ್ಕೂಲಿಗೇ ಹೋಗೋಣವೆಂದು ಜಿಗಣಿಯ ಹತ್ತಿರ ಒಂದು ಖಾಸಗಿ ಹೈಸ್ಕೂಲಿನಲ್ಲಿ ಒಂದು ವರ್ಷ ಚರಿತ್ರೆ ಪಾಠ ಮಾಡಿದರು. ಮೀಸೆ ಬಂದ ಹುಡುಗರಿಗೂ ಇವರು ಆರು ವರ್ಷದ ಮಕ್ಕಳಿಗೆ ಹೇಳುವ ಹಾಗೆ ರಾಗ ಎಳೆದು ಯುದ್ಧದ ಕಥೆ ಹೇಳಿದರೆ ಅವರು ಬಿಡುತ್ತಾರೆಯೇ? ಕ್ಲಾಸು ಸಂತೆಯಾಯಿತು. ವರ್ಷದ ಕೊನೆಗೆ ಮ್ಯಾನೇಜ್ಮೆಂಟಿನವರೇ ಬೇರೆ ಕಡೆ ನೋಡಿಕೊಳ್ಳಿ ಎಂದರು. ನನ್ನದನ್ನು ನೋಡಿ. ಎಸ್ಸೆಸ್ಸೆಲ್ಸಿ ಆದಮೇಲೆ ಕಾಲೇಜಿಗೆ ಕಳಿಸುವ ಶಕ್ತಿ ನಮ್ಮಪ್ಪನಿಗಿರಲಿಲ್ಲ, ಅದಕ್ಕೇ ಟಿ.ಸಿ.ಎಚ್.ಗೆ ಸೇರಿಸಿದರು. ಓದಿದ್ದು ಕಡಿಮೆಯಾದ್ದರಿಂದ ನನ್ನ ಕೆಲಸ ಕಾಯಮ್ಮು. ಜಾಸ್ತಿ ಓದಿದ ಅವರು ನಾನು ಹೆರಲು ಹೋದರೆ ಬಂದು ನಿಲ್ಲುವವರು. ಇದನ್ನು ಯಾವ ನ್ಯಾಯಕ್ಕೆ ಸೇರಿಸುವುದೋ ನನಗೆ ಇವತ್ತಿಗೂ ತಿಳಿದಿಲ್ಲ.

ಮೂರು ತಿಂಗಳ ಬದಲಿಗೆ ಟಿ.ಸಿ.ಎಚ್. ಇಲ್ಲದಿದ್ದರೂ ಸ್ಕೂಲ್ ಇನ್ಸ್‌ಪೆಕ್ಟರು ನಡೆಯಲಿ ಎಂದು ಬಿಡುತ್ತಿದ್ದರು. ಲೀವ್ ವೇಕೆನ್ಸಿ ಇಲ್ಲದ ತಿಂಗಳುಗಳಲ್ಲಿ ಅವರು ಶಾಲೆಯ ಹಿಂದಿನ ರಸ್ತೆಯ ಒಂದು ಶೆಡ್ಡಿನಲ್ಲಿ ಟೈಮ್ ಕೀಪರ್ ಆಗಿರುತ್ತಿದ್ದರು. ಯಾರು ಎಷ್ಟು ಗಂಟೆಗೆ ಒಳಗೆ ಬಂದರು, ಎಷ್ಟಕ್ಕೆ ಹೋದರು ಎಂದು ಬರೆದಿಡುವ ಕೆಲಸ. ಆ ಶೆಡ್ಡಿನ ಯಜಮಾನ ಒಳ್ಳೆಯವನು. ಶಾಲೆಯಿಂದ ಕರೆ ಬಂದಾಗ ಹೋಗಿ ಬನ್ನಿ ಎಂದು ಬಿಡುತ್ತಿದ್ದ.

ಅವರ ಕ್ಲಾಸನ್ನು ನಾನು ಎಷ್ಟೋ ಸಲ ಬಾಗಿಲಲ್ಲಿ ನಿಂತು ನೋಡಿದ್ದೇನೆ. ಮನೆಯಲ್ಲಿ ತಮಿಳು, ತೆಲುಗು, ಉರ್ದು ಆಡುವ ಮಕ್ಕಳು. ಕನ್ನಡವನ್ನೇ ಬೇರೆ ಥರ ಆಡುವ ಬಿಜಾಪುರದ ಕಡೆಯ ಮಕ್ಕಳು. ಮಧ್ಯಾಹ್ನ ಶಿಫ್ಟಿನ ಸೈರನ್ ಕೂಗಿದರೆ ನಮ್ಮ ಪಾಠಗಳೆಲ್ಲ ನಿಂತುಬಿಡುತ್ತಿದ್ದವು, ಅಷ್ಟು ಸದ್ದು. ಅವರು ಮಾತ್ರ ಆ ಸದ್ದಿಗೇ ಕಾಯುತ್ತಿದ್ದರು. ಸೈರನ್ ಎದ್ದೊಡನೆ ಬೋರ್ಡಿನ ಮೇಲೆ ಊ ಬರೆದು ಕೈ ಎತ್ತುವರು. ಅದು ನಿಲ್ಲುವವರೆಗೂ ಇಡೀ ಕ್ಲಾಸು ಊ ಎಂದು ಎಳೆಯುವುದು. ಬೀದಿಯಲ್ಲಿ ಲಾರಿ ಒಂದೇ ಒಂದು ಸಲ ಹಾರ್ನ್ ಹೊಡೆದರೆ ಅದು ಉ. ಹ್ರಸ್ವ ದೀರ್ಘ ಎಂದು ನಾವು ಬಾಯಿ ನೋಯಿಸಿಕೊಳ್ಳುತ್ತಿದ್ದುದು ಅವರ ಮಕ್ಕಳಿಗೆ ಹೀಗೆ ಒಂದು ವಾರದಲ್ಲಿ ಬರುತ್ತಿತ್ತು. ಒತ್ತಕ್ಷರಕ್ಕೆ ಪವರ್ ಪ್ರೆಸ್ಸು. ನಿಮ್ಮಪ್ಪ ತಗಡು ಒತ್ತೋ ಹಂಗೇ ಮೇಲಿನ ಅಕ್ಷರ ಕೆಳಗಿನದನ್ನ ಒತ್ತುತ್ತೆ ಎಂದು ಅಂಗೈಯನ್ನು ನೆಲಕ್ಕೆ ಬಡಿದು ಅಪ್ಪ, ಅಕ್ಕ, ಹಟ್ಟಿ ಎನ್ನುವರು. ನಲವತ್ತು ಚಿಲ್ಲರೆ ಅಂಗೈಗಳು ನೆಲಕ್ಕೆ ಬೀಳುವವು. ಪಕ್ಕದ ಕ್ಲಾಸಿನಲ್ಲಿ ಮಗ್ಗಿ ಹೇಳಿಸುತ್ತಿದ್ದವರಿಗೆ ಅದು ತಲೆನೋವು. ಹೆಡ್ ಮೇಡಮ್ಮಿಗೂ ಒಮ್ಮೊಮ್ಮೆ ಸಿಟ್ಟು ಬರುತ್ತಿತ್ತು, ಆದರೆ ಬಾಗಿಲವರೆಗೆ ಬಂದು ನೋಡಿ ಹಾಗೇ ಹಿಂದಿರುಗುತ್ತಿದ್ದರು.

ಒಂದನೇ ಕ್ಲಾಸೇ ಯಾಕೆ ಎಂದು ಒಮ್ಮೆ ಕೇಳಿದೆ. ಬೇರೆಲ್ಲ ಕ್ಲಾಸಿನಲ್ಲಿ ಮಕ್ಕಳಿಗೆ ಇರುವುದಕ್ಕೆ ಇನ್ನಷ್ಟು ಸೇರಿಸುತ್ತೇವೆ, ಎಷ್ಟು ಸೇರಿತೋ ಕಾಣುವುದಿಲ್ಲ ಎಂದರು. ಒಂದನೇ ಕ್ಲಾಸಿನಲ್ಲಿ ಹಾಗಲ್ಲ. ಜೂನ್ ತಿಂಗಳಲ್ಲಿ ಅಳುತ್ತಾ ಬಂದ ಮಗುವಿಗೆ ಒಂದು ಅಕ್ಷರ ಗೊತ್ತಿರುವುದಿಲ್ಲ. ಅಕ್ಷರ ಕಲಿಯುತ್ತದೆ, ಕಾಗುಣಿತ ಕಲಿಯುತ್ತದೆ, ಆದರೂ ಓದಲು ಬರುವುದಿಲ್ಲ. ಒಂದೊಂದೇ ಅಕ್ಷರ ಬಿಡಿಬಿಡಿಯಾಗಿ ಕೂಗುತ್ತದೆ. ಆಮೇಲೆ, ದಸರಾ ದೀಪಾವಳಿ ಕಳೆದು ಯಾವುದೋ ಒಂದು ದಿನ, ಕೂಗುತ್ತಾ ಕೂಗುತ್ತಾ ಅಕ್ಷರ ಒಂದಕ್ಕೊಂದು ಸೇರಿ ಬಾಯಲ್ಲಿ ಪದವಾಗಿ ಬರುತ್ತದೆ. ಅದಕ್ಕೆ ಅವರು ಇಟ್ಟ ಹೆಸರು ಕೂಡೋದು. "ಅಕ್ಸರ ಕೂಡ್ದಾಗ ಆ ಮಗೀನ ಮಕ ನೋಡ್ಬೇಕು ಟೀಚರ್. ತಾನು ಏನ್ ಮಾಡ್ದೆ ಅಂತ ಅದಕ್ಕೇ ಗೊತ್ತಿರಾಕಿಲ್ಲ" ಎಂದರು.

ಅವರ ಬದುಕಿನ ಗೋಳು ಇದ್ದದ್ದೇ ಇಲ್ಲಿ. ಮೂರು ತಿಂಗಳ ಮೇಷ್ಟರಿಗೆ ಅದು ಕಾಣಸಿಗುವುದು ಅಪರೂಪ. ಜೂನಿನಲ್ಲಿ ಬಂದರೆ ಕಾಗುಣಿತದ ಹೊತ್ತಿಗೆ ಟೀಚರ್ ತೊಟ್ಟಿಲ ಕೂಸನ್ನು ಅಮ್ಮನಿಗೊಪ್ಪಿಸಿ ವಾಪಸ್ಸು ಬರುತ್ತಿದ್ದರು. ಹೆಚ್ಚು ಸಲ ಸಿಗುತ್ತಿದ್ದುದು ಮೂರನೆಯದೋ ನಾಲ್ಕನೆಯದೋ ಕ್ಲಾಸು. ಒಂದು ಸಲ ಮಾತ್ರ ನವೆಂಬರಿನಲ್ಲಿ ಒಂದನೇ ಕ್ಲಾಸು ಕೈಗೆ ಬಂತು. ಆಗ ಮಕ್ಕಳು ಕೂಡಿಸಿ ಓದಿದರು, ಇವರು ನೋಡಿದರು. ಖುಷಿಯಾಯಿತೇ ಎಂದರೆ, ಬೇರೆಯವರು ಬಿತ್ತಿದ ಹೊಲಕ್ಕೆ ಕುಯ್ಲಿಗೆ ಹೋದಂತಾಯಿತು ಎಂದುಬಿಟ್ಟರು. ಅವರಿಗೆ ಬೇಕಾಗಿದ್ದುದು ಒಂದೇ ಒಂದು ಪೂರ್ತಿ ವರ್ಷ. ಅಳುವ ದಿನದಿಂದ ಕೂಡುವ ದಿನದವರೆಗೆ, ಒಂದೇ ಕ್ಲಾಸಿನ ಮಕ್ಕಳು. ಕಾಯಂ ಆಗುತ್ತದೆ ಎನ್ನುವ ಆಸೆಯನ್ನು ಅವರು ನನ್ನ ಕಣ್ಣೆದುರೇ ಬಿಟ್ಟರು. ಮದುವೆಯ ಮಾತನ್ನೂ ಬಿಟ್ಟರು. ವರ್ಷದಲ್ಲಿ ಮೂರು ತಿಂಗಳು ಮೇಷ್ಟರಾಗಿರುವವನಿಗೆ ಯಾರು ಹೆಣ್ಣು ಕೊಡುತ್ತಾರೆ? ಪೂರ್ತಿ ವರ್ಷದ ಆಸೆಯೊಂದನ್ನು ಮಾತ್ರ ಬಿಡಲಿಲ್ಲ.

ನಮ್ಮಲ್ಲಿ ಒಂದು ಪದ್ಧತಿ ಬೆಳೆದಿತ್ತು. ಯಾರು ಶುರು ಮಾಡಿದರೋ ಗೊತ್ತಿಲ್ಲ. ಟೀಚರುಗಳಲ್ಲಿ ಯಾರಿಗಾದರೂ ತಿಂಗಳು ನಿಂತರೆ ಗಂಡನ ನಂತರ ಸುದ್ದಿ ಮುಟ್ಟುತ್ತಿದ್ದುದು ಮೇಷ್ಟರಿಗೆ. ಅತ್ತೆಗೂ ಆಮೇಲೆ. ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿಯನ್ನು ಹೊರಗೆ ಹಾಕಬಾರದು, ದೃಷ್ಟಿ ತಾಗುತ್ತದೆ ಎನ್ನುವುದು ನಮ್ಮೆಲ್ಲರ ಮನೆಯಲ್ಲೂ ಇದ್ದ ಮಾತು. ಆದರೆ ಪಾಪ, ಮನುಷ್ಯ ಶೆಡ್ಡಿನಲ್ಲಿ ಹೇಳಿ ರಜೆ ಹೊಂದಿಸಿಕೊಳ್ಳಬೇಕಲ್ಲ ಎಂದು ಅವರೊಬ್ಬರಿಗೆ ವಿನಾಯಿತಿ ಕೊಟ್ಟಿದ್ದೆವು. ಊಟದ ಬಿಡುವಿನಲ್ಲಿ ಶೆಡ್ಡಿನ ಗೇಟಿಗೆ ಹೋಗಿ ಮೇಷ್ಟರೇ, ಇಂಥ ತಿಂಗಳು ಎಂದರೆ ಸಾಕು. ಅವರ ಮುಖ ಅರಳುವುದು. ನಮ್ಮ ಗಂಡಂದಿರಿಗೂ ಅಷ್ಟು ಸಂತೋಷವಾಗಿತ್ತೋ ಇಲ್ಲವೋ. ಅದನ್ನು ಹಿಡಿದುಕೊಂಡು ನಾವು ಆಡಿಕೊಳ್ಳದ ಮಾತಿಲ್ಲ. ಮಗು ಯಾರದ್ದೇ ಆಗಲಿ, ಮೊದಲ ಸಿಹಿ ಮೇಷ್ಟರಿಗೆ ಎಂದು ನಗುತ್ತಿದ್ದೆವು.

ಎಂಬತ್ತರ ದಶಕ ಆಗತಾನೇ ಶುರುವಾಗಿದ್ದಾಗ ನನ್ನ ಸರದಿ ಬಂತು. ಆ ಹೊತ್ತಿಗೆ ಒಂದನೇ ಕ್ಲಾಸು ನನ್ನ ಪಾಲಿಗೆ ಬಂದಿತ್ತು. ಮದುವೆಯಾಗಿ ಆರು ವರ್ಷ ಮಕ್ಕಳಾಗಿರಲಿಲ್ಲ. ಅತ್ತೆ ಹರಕೆ ಹೊರದ ದೇವರಿಲ್ಲ. ದಿನ ತುಂಬುವುದು ಜುಲೈ ಕೊನೆಗೆ ಎಂದು ಡಾಕ್ಟರು ಹೇಳಿದಾಗ ನನಗೆ ಹೊಳೆದದ್ದೇ ಮೇಷ್ಟರ ವರ್ಷ. ಹೇಗೂ ಇಷ್ಟು ಕಾದು ಆದ ಮಗು. ಹೆರಿಗೆ ರಜೆಯ ಜೊತೆ ಸಂಬಳವಿಲ್ಲದ ರಜೆ ಸೇರಿಸಿ ಮಾರ್ಚಿಯವರೆಗೂ ಮನೆಯಲ್ಲಿದ್ದುಬಿಡುತ್ತೇನೆ ಎಂದೆ. ನಮ್ಮ ಯಜಮಾನರು ಒಪ್ಪಿದರು. ಹೆಡ್ ಮೇಡಂ ಸ್ವಲ್ಪ ರಾಗ ಎಳೆದು, ಇನ್ಸ್‌ಪೆಕ್ಟರಿಗೆ ನಾನು ಹೇಳಿಕೊಳ್ಳುತ್ತೇನೆ ಬಿಡಿ ಎಂದರು. ಶೆಡ್ಡಿನ ಗೇಟಿಗೆ ಹೋಗಿ ಜೂನಿನಿಂದ ಮಾರ್ಚಿ ಮೇಷ್ಟರೇ, ಪೂರ್ತಿ ಎಂದು ಹೇಳಿದೆ. ಅವರು ಬೆರಳು ಮಡಚಿ ಜೂನ್, ಜುಲೈ ಎಂದು ಎಣಿಸುತ್ತಾ ಮಾರ್ಚಿಗೆ ಬಂದು, ಮತ್ತೆ ಮೊದಲಿಂದ ಎಣಿಸಿದರು.

ನಾನು ಹೆರಿಗೆಗೆ ಕುಣಿಗಲ್ಲಿನ ತವರಿಗೆ ಹೋದೆ. ಜೂನಿನಲ್ಲಿ ಶಾಲೆ ತೆರೆಯಿತು. ಅಮ್ಮಂದಿರ ಸೆರಗು ಬಿಡದೆ ಅಳುವ ಮಕ್ಕಳನ್ನು ಮೇಷ್ಟ್ರು ಮೊದಲ ಸಲ ಪೂರ್ತಿ ವರ್ಷಕ್ಕೆಂದು ಬರಮಾಡಿಕೊಂಡರು. ಡ್ರಿಲ್ ಟೀಚರ್ ಕಾಗದ ಬರೆದಿದ್ದರು: ಮೊದಲ ದಿನ ಅವರು ಮಕ್ಕಳನ್ನು ಸುಮ್ಮನಿರಿಸಲೇ ಇಲ್ಲವಂತೆ, ಅಳುವವರನ್ನೆಲ್ಲ ಒಂದು ಕಡೆ ಕೂರಿಸಿ ಅಳು ನಿಲ್ಲುವವರೆಗೂ ಕಾದರಂತೆ, ಇಡೀ ಶಾಲೆಯ ಕಿವಿ ತೂತಾಯಿತಂತೆ. ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಅದಾದ ವಾರದಲ್ಲಿ ಹೊಟ್ಟೆಯೊಳಗೆ ಮಗು ಮಿಸುಕುವುದು ನಿಂತಿತು. ತುಮಕೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಗಂಡು ಮಗು. ಅದು ಅಳಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ಆಗಸ್ಟಿನಲ್ಲಿ ಪೀಣ್ಯದ ಮನೆಗೆ ಬಂದೆ. ಒಂದು ಭಾನುವಾರ ಮೇಷ್ಟ್ರು ನೋಡಲು ಬಂದರು. ಕುರ್ಚಿಯ ತುದಿಯಲ್ಲಿ ಕೂತರು. ಅತ್ತೆ ಒಳಗೆ ಹೋದವರು ಹೊರಗೆ ಬರಲಿಲ್ಲ, ಕಾಫಿಯೂ ಬರಲಿಲ್ಲ. ದುಃಖದಲ್ಲಿದ್ದಾರೆ ಎಂದುಕೊಂಡೆ. ಮೇಷ್ಟ್ರು ಮಕ್ಕಳ ಸುದ್ದಿ ಎತ್ತಲಿಲ್ಲ. ನಾನೇ ಎತ್ತಿದೆ. ಮಾತು ಮಾತೇ, ಮಾರ್ಚಿಯವರೆಗೆ ನಾನು ಬರುವುದಿಲ್ಲ, ಕ್ಲಾಸು ನಿಮ್ಮದೇ ಎಂದೆ.

"ಬ್ಯಾಡಿ ಟೀಚರ್" ಎಂದರು. "ಮನೇಲಿ ಕುಂತ್ರೆ ಗೋಡೆ ನೋಡ್ಕಂಡು ಕುಂತಿರ್ತೀರ. ಬನ್ನಿ. ಅಲ್ಲಿ ಮಕ್ಳವ್ರೆ."

"ನಿಮ್ಮ ವರ್ಷ?"

"ವರ್ಸ ಬತ್ತದೆ, ಓಯ್ತದೆ. ನೀವು ಬನ್ನಿ."

ನಾನು ಹೋದೆ. ಹೋಗದಿದ್ದರೆ ನನಗೆ ಹುಚ್ಚು ಹಿಡಿಯುತ್ತಿತ್ತು, ಅದು ಅವರಿಗೆ ಗೊತ್ತಾಗಿತ್ತು. ಅವರು ಒಂದು ದಿನ ಪೂರ್ತಿ ಜೊತೆಗಿದ್ದು ಮಕ್ಕಳನ್ನು ಒಪ್ಪಿಸಿದರು. ಇವನು ಎಡಗೈ, ಬಿಡಿಸಬೇಡಿ. ಇವಳಿಗೆ ಬೋರ್ಡು ಕಾಣುವುದಿಲ್ಲ, ಮುಂದೆ ಕೂರಿಸಿ. ಇವನು ಮನೆಯಲ್ಲಿ ಹೊಡೆತ ತಿಂದು ಬರುತ್ತಾನೆ, ಕೈ ಎತ್ತಿದರೆ ಬೆದರುತ್ತಾನೆ. ಹೆಣ್ಣು ಒಪ್ಪಿಸುವಾಗ ತಾಯಂದಿರು ಹೇಳುತ್ತಾರಲ್ಲ, ಹಾಗೆ. ಸಂಜೆ ಸೈಕಲ್ ಹತ್ತಿ ಹೋದರು. ಪೂರ್ತಿ ವರ್ಷ ಎಂದುಕೊಂಡದ್ದು ಕೊನೆಗೆ ಎಂದಿನ ಮೂರು ತಿಂಗಳಿಗೇ ಬಂದು ನಿಂತಿತು.

ದೀಪಾವಳಿ ಕಳೆದು ಒಂದು ಬೆಳಿಗ್ಗೆ, ಬೋರ್ಡು ಕಾಣದ ಆ ಹುಡುಗಿ ಪುಸ್ತಕವನ್ನು ಮೂಗಿಗೆ ಹಿಡಿದು ಅಕ್ಷರ ಕೂಗುತ್ತಿದ್ದವಳು ಇದ್ದಕ್ಕಿದ್ದಂತೆ ಒಂದು ಪದ ಓದಿಬಿಟ್ಟಳು. ಓದಿ ನನ್ನ ಮುಖ ನೋಡಿದಳು. ಮೇಷ್ಟ್ರು ಹೇಳಿದ್ದು ನಿಜ, ಏನು ಮಾಡಿದೆನೆಂದು ಅವಳಿಗೇ ತಿಳಿದಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಆಯಾಳನ್ನು ಕರೆದು ಶೆಡ್ಡಿಗೆ ಹೋಗಿ ಮೇಷ್ಟರಿಗೆ ಹೇಳು, ಮಕ್ಕಳು ಓದುತ್ತಿದ್ದಾರೆ, ಮಧ್ಯಾಹ್ನ ಬಂದು ಕೇಳಿಕೊಂಡು ಹೋಗಬೇಕಂತೆ ಎಂದು ಕಳಿಸಿದೆ. ಅವಳು ಹೋದಳೋ ಇಲ್ಲವೋ ಎನ್ನುವಂತೆ ಬಂದು ನಿಂತಳು. ಮೇಷ್ಟ್ರು ಬರುವುದಿಲ್ಲವಂತೆ ಎಂದಳು. ಯಾಕಂತೆ ಎಂದರೆ ನೆಲ ನೋಡಿದಳು. ನಾನು ಬಿಡಲಿಲ್ಲ.

ಆಗ ತಿಳಿಯಿತು. ನಮ್ಮ ಅತ್ತೆ ನಲ್ಲಿಯ ಹತ್ತಿರ, ಗಿರಣಿಯ ಹತ್ತಿರ, ಕಂಡವರೆದುರು ಹೇಳಿಕೊಂಡು ಬಂದಿದ್ದರು. ಆರು ವರ್ಷಕ್ಕೆ ಆದದ್ದು, ಮೂರು ತಿಂಗಳು ತುಂಬುವ ಮೊದಲೇ ಇವಳು ಹೋಗಿ ಆ ಮನುಷ್ಯನಿಗೆ ಹೇಳಿದಳು, ಅವನು ಎದುರಿಗೆ ನಿಂತು ಬೆರಳು ಮಡಚಿ ಎಣಿಸಿದ, ಹೆಂಡತಿ ಮಕ್ಕಳಿಲ್ಲದವನು, ಎಣಿಸಿದ ಮೇಲೆ ಉಳಿಯುತ್ತದೆಯೇ? ಇಷ್ಟೇ ಮಾತು. ಅದು ಮೇಷ್ಟರ ಕಿವಿಗೂ ಬಿದ್ದಿತ್ತು. ಬೆರಳು ಮಡಚಿದ ಸಂಗತಿಯನ್ನು ಮನೆಯಲ್ಲಿ ನಗುತ್ತಾ ಹೇಳಿದವಳು ನಾನೇ. ಅತ್ತೆಯ ಮೇಲೆ ನಾನು ಜೀವನದಲ್ಲಿ ಒಂದೇ ಸಲ ಕೂಗಾಡಿದ್ದು, ಅದು ಅವತ್ತು. ಮೊಮ್ಮಗನನ್ನು ಕಳೆದುಕೊಂಡ ಸಂಕಟ ಅವರಿಗೂ ಇತ್ತು, ಅದನ್ನು ಯಾರ ಮೇಲಾದರೂ ಹಾಕಬೇಕಿತ್ತು. ಅಷ್ಟು ತಿಳಿಯುವ ವಯಸ್ಸು ನನಗಾಗ ಆಗಿರಲಿಲ್ಲ.

ಆಡುವವರ ಬಾಯಿಗೆ ಬೀಗ ಹಾಕಲಾಗುವುದಿಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಓದಿದವರೇ, ಎಲ್ಲರೂ ಇದು ಮೂಢನಂಬಿಕೆ ಕಣ್ರೀ ಎಂದರು. ಆದರೆ ಅದರ ಮುಂದಿನ ವರ್ಷ ಮೂರನೇ ಕ್ಲಾಸಿನ ಟೀಚರಿಗೆ ತಿಂಗಳು ನಿಂತಾಗ ಅವರು ಶೆಡ್ಡಿನ ಗೇಟಿಗೆ ಹೋಗಲಿಲ್ಲ. ಬಸ್ ಸ್ಟಾಪಿನಲ್ಲಿ ಮೇಷ್ಟ್ರು ಕಂಡರೆ ಸೆರಗು ಹೊದ್ದು ತಿರುಗಿ ನಿಲ್ಲುತ್ತಿದ್ದರು. ನಂಬಿ ಅಲ್ಲ, ಮನೆಯಲ್ಲಿ ದೊಡ್ಡವರು ಬೈತಾರೆ, ಸುಮ್ಮನೆ ಯಾಕೆ ಎಂದರು. ಹೆಡ್ ಮೇಡಮ್ಮೂ ಸುಮ್ಮನೆ ಯಾಕೆ ಎಂದರು. ಬದಲಿಗೆ ದಾಸರಹಳ್ಳಿಯ ಒಬ್ಬಳು ಹುಡುಗಿ ಬಂದಳು. ಟಿ.ಸಿ.ಎಚ್. ಆಗಿತ್ತು, ಇನ್ಸ್‌ಪೆಕ್ಟರಿಗೂ ಉತ್ತರ ಹೇಳುವ ತಾಪತ್ರಯ ತಪ್ಪಿತು. ಮೇಷ್ಟರಿಗೆ ವಿಷಯ ತಿಳಿದದ್ದು ಆ ಹುಡುಗಿ ಕ್ಲಾಸಿನಲ್ಲಿ ನಿಂತ ಮೇಲೆಯೇ. ಅವರು ಗೇಟಿನ ತನಕ ಬಂದು, ಆಯಾಳನ್ನು ಯಾವಾಗಿಂದ ಎಂದಷ್ಟೇ ಕೇಳಿ ಹೊರಟುಹೋದರಂತೆ. ಆಮೇಲೆ ಅವರನ್ನು ಶಾಲೆಗೆ ಯಾರೂ ಕರೆಯಲಿಲ್ಲ. ಸುಮ್ಮನೆ ಯಾಕೆ ಎನ್ನುವ ಎರಡು ಪದದಲ್ಲಿ ಒಬ್ಬ ಮನುಷ್ಯನ ಕಥೆ ಮುಗಿಸಿಬಿಡಬಹುದು, ನಮ್ಮ ಜನಕ್ಕೆ ಅದು ಗೊತ್ತು.

ಎರಡು ವರ್ಷದ ಮೇಲೆ ನಾನು ಮತ್ತೆ ಬಸಿರಾದೆ. ಈ ಸಲ ಯಾರಿಗೂ ಹೇಳಕೂಡದು ಎಂದು ಅತ್ತೆ ದೇವರ ಮುಂದೆ ನನ್ನಿಂದ ಆಣೆ ಮಾಡಿಸಿದರು. ಮಾಡಿದೆ. ಮಾರನೆಯ ದಿನ ಊಟದ ಬಿಡುವಿನಲ್ಲಿ ನೇರವಾಗಿ ಶೆಡ್ಡಿಗೆ ಹೋದೆ. ನನಗೆ ಹೆದರಿಕೆ ಇರಲಿಲ್ಲ ಎಂದರೆ ಸುಳ್ಳು. ಆದರೆ ಮೊದಲು ಅವರಿಗೇ ಹೇಳಬೇಕು, ನನ್ನ ಕ್ಲಾಸನ್ನು ಅವರಿಗೇ ಕೊಡಿಸಬೇಕು, ಮಗುವನ್ನು ಹೆತ್ತು ಎಲ್ಲರ ಬಾಯಿ ಮುಚ್ಚಿಸಬೇಕು ಎನ್ನುವ ಹಟ.

ಮೇಷ್ಟ್ರು ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ತಲೆ ಅರ್ಧ ಬೆಳ್ಳಗಾಗಿತ್ತು. ನಾನು ಹೊತ್ತಲ್ಲದ ಹೊತ್ತಿನಲ್ಲಿ ಬಂದದ್ದು, ನನ್ನ ಮುಖ, ಇಷ್ಟರಲ್ಲೇ ಅವರಿಗೆ ಅರ್ಥವಾಗಿರಬೇಕು. ಎದ್ದು ನಿಂತರು.

"ಟೀಚರ್, ಅದೇನಿದ್ರೂ ನನ್ಗೆ ಯೋಳ್ಬ್ಯಾಡಿ" ಎಂದರು.

"ನೀವೂ ನಂಬ್ತೀರಾ ಮೇಷ್ಟ್ರೇ ಅದನ್ನ?"

ಅವರು ಮುಂದಿದ್ದ ಹಾಜರಿ ಪುಸ್ತಕ ಮುಚ್ಚಿದರು. ಒಳಗೆ ಪ್ರೆಸ್ಸು ಬಡಿಯುತ್ತಿತ್ತು. ಆಮೇಲೆ ಹೇಳಿದರು. "ನಾನು ನಂಬ್ತಿರ್ಲಿಲ್ಲ. ಆದ್ರೆ ಕುಂತು ಯೋಚ್ನೆ ಮಾಡ್ದೆ. ಅಷ್ಟು ವರ್ಸ ನಾನು ಮಾಡಿದ್ದೇನು? ಯಾರ ಒಟ್ಟೆ ಯಾವಾಗ ತುಂಬ್ತದೆ ಅಂತ ಕಾದಿದ್ದು ತಾನೇ? ನಿಮಗೆ ಮಗು ಆಗ್ಲಿ ಅಂತ ನಾನು ಕಾಯ್ಲಿಲ್ಲ ಟೀಚರ್, ನಿಮ್ ಜಾಗ ಖಾಲಿ ಆಗ್ಲಿ ಅಂತ ಕಾದೆ. ಅದು ಒಳ್ಳೆ ಕಣ್ಣು ಅಂತ ನಾನೆಂಗೆ ಯೋಳ್ಲಿ?"

ಹಾಗಲ್ಲ ಎಂದು ಏನೇನೋ ಹೇಳಿದೆ. ನಾವೆಲ್ಲ ಇರುವುದೇ ಇನ್ನೊಬ್ಬರು ಬಿಟ್ಟ ಜಾಗದಲ್ಲಿ ಎಂದೆ. ನಿಮ್ಮಷ್ಟು ಚೆನ್ನಾಗಿ ಒಂದನೇ ಕ್ಲಾಸಿಗೆ ಹೇಳುವವರನ್ನು ನಾನು ಕಂಡಿಲ್ಲ ಎಂದೆ. ಅದು ನಿಜವಾದ ಮಾತು, ಆದರೆ ಅವರಿಗೆ ಅದು ಬೇಕಿರಲಿಲ್ಲ. ಬಿಸಿಲಲ್ಲಿ ಓಡಾಡಬೇಡಿ, ಹೋಗಿ ಎಂದರು. ನಾನು ಗೇಟು ದಾಟುವವರೆಗೂ ನನ್ನ ಕಡೆ ನೋಡಲಿಲ್ಲ.

ಹೆಣ್ಣು ಮಗು ಹುಟ್ಟಿತು. ಗಟ್ಟಿಯಾಗಿ ಅತ್ತಿತು. ಯಾರ ಬಾಯನ್ನೂ ನಾನು ಮುಚ್ಚಿಸಿದಂತಾಗಲಿಲ್ಲ. ಹೇಳದೆ ಇದ್ದದ್ದಕ್ಕೇ ಉಳಿಯಿತು ನೋಡು ಎಂದರು ಅತ್ತೆ. ನಾಮಕರಣಕ್ಕೆ ನಾನೇ ಹೋಗಿ ಕರೆದೆ, ಮೇಷ್ಟ್ರು ಬರಲಿಲ್ಲ. ಮಗಳು ಬೆಳೆದು ನಮ್ಮ ಶಾಲೆಗೇ ಸೇರಿದಳು. ನನ್ನ ಕ್ಲಾಸಿನಲ್ಲಿ ಬೇಡವೆಂದು ಒಂದನೇ ಕ್ಲಾಸಿನ ಇನ್ನೊಂದು ಸೆಕ್ಷನ್ನಿನಲ್ಲಿ ಕೂರಿಸಿದರು. ಬೆಳಿಗ್ಗೆ ನಾನು ಅವಳ ಕೈ ಹಿಡಿದುಕೊಂಡು ಶೆಡ್ಡುಗಳ ರಸ್ತೆಯಲ್ಲಿ ಬರುತ್ತಿದ್ದಾಗ ಎಷ್ಟೋ ಸಲ ಮೇಷ್ಟ್ರು ಕೆಲಸಕ್ಕೆ ಎದುರಿನಿಂದ ಬರುತ್ತಿದ್ದರು. ಅವಳು ಬ್ಯಾಗು ಬೀಸಿಕೊಂಡು, ಗೋಡೆಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಕೂಗಿಕೊಂಡು ನಡೆಯುತ್ತಿದ್ದಳು. ಇನ್ನೂ ಕೂಡಿಸಲು ಬರುತ್ತಿರಲಿಲ್ಲ. ನಮ್ಮನ್ನು ದೂರದಿಂದಲೇ ಕಂಡು ಅವರು ಸೈಕಲ್ಲಿನಿಂದ ಇಳಿಯುತ್ತಿದ್ದರು. ಇಳಿದು, 'ನಮಸ್ಕಾರ ಟೀಚರ್' ಎನ್ನುವಂತೆ ನನಗೊಮ್ಮೆ ತಲೆ ಬಾಗಿಸಿ, ಮಗುವಿನ ಕಡೆಗೆ ಕಣ್ಣು ಹಾಯದ ಹಾಗೆ ಮುಖ ತಿರುಗಿಸಿಕೊಂಡು, ಸೈಕಲ್ ತಳ್ಳುತ್ತಾ ರಸ್ತೆ ದಾಟಿ ಆ ಕಡೆಗೆ ಹೋಗಿಬಿಡುತ್ತಿದ್ದರು.